ಸ್ಕೀ ಪ್ರವಾಸ: ಯಾವುದು ಸ್ವಂತ, ಯಾವುದು ಬಾಡಿಗೆ, ಯಾವುದು ಬೇಡವೇ ಬೇಡ

ಮೊದಲ ಸಲ ಸ್ಕೀ ಮಾಡಲು ಹೊರಟಾಗ ನನ್ನ ಸೂಟ್‌ಕೇಸ್ ಎತ್ತಲು ಇಬ್ಬರು ಬೇಕಾಗಿತ್ತು. ಒಳಗೆ ಏನಿತ್ತು ಅಂತೀರಾ? ಮೂರು ದಪ್ಪ ಸ್ವೆಟರ್, ಎರಡು ಜೀನ್ಸ್, ಒಂದು ಡಜನ್ ಹತ್ತಿ ಬನಿಯನ್, ಮಾರುದ್ದದ ಮಫ್ಲರ್. ಮೂರನೇ ದಿನ ಬೆಳಿಗ್ಗೆ ನೋಡಿದರೆ, ಇಷ್ಟೆಲ್ಲ ಇದ್ದೂ ಹಾಕಿಕೊಳ್ಳೋಕೆ ಒಣಗಿದ ಗ್ಲೌಸ್ ಇರಲಿಲ್ಲ. ಹಿಂದಿನ ಸಂಜೆ ಹೀಟರ್ ಹತ್ತಿರ ಇಟ್ಟಿದ್ದೆ. ಹೆಬ್ಬೆರಳೊಂದು ಒಣಗಿತ್ತು, ಮಿಕ್ಕಿದ್ದೆಲ್ಲ ಒದ್ದೆ ತೊಪ್ಪೆ.

ಆಮೇಲೆ ಸುಮಾರು ಸಲ ಹೋಗಿ ಬಂದಿದ್ದೇನೆ. ಈಗ ನನ್ನ ಲೆಕ್ಕ ಸರಳ. ಮೈಗೆ ತಾಗುವುದು ಸ್ವಂತದ್ದಿರಲಿ, ಹಿಮಕ್ಕೆ ತಾಗುವುದು ಬಾಡಿಗೆಯದ್ದಿರಲಿ. ಮಿಕ್ಕಿದ್ದನ್ನು ಮನೆ ತೀರ್ಮಾನ ಮಾಡುತ್ತದೆ. ಹೌದು, ನೀವು ವಾರದ ಮಟ್ಟಿಗೆ ಹಿಡಿಯುವ ಬೆಟ್ಟದ ಮೇಲಿನ ಆ ಬಾಡಿಗೆ ಮನೆ. ಅಲ್ಲಿ ಬಟ್ಟೆ ಒಗೆಯೋ ಮಷಿನ್ ಇದೆಯಾ, ಬೂಟ್ ಒಣಗಿಸೋ ಜಾಗ ಇದೆಯಾ ಅನ್ನೋದರ ಮೇಲೆ ನಿಮ್ಮ ಬ್ಯಾಗು ಅರ್ಧಕ್ಕೂ ಇಳಿಯಬಹುದು, ಎರಡರಷ್ಟೂ ಆಗಬಹುದು. ಹಾಗಾಗಿ ಬಟ್ಟೆ ಆಮೇಲೆ, ಮನೆ ಮೊದಲು.

ಲಿಫ್ಟ್ ಪಕ್ಕದ ಮನೆಯೋ, ಕೆಳಗಿನ ಊರಿನ ಮನೆಯೋ

ಬಾಗಿಲು ತೆಗೆದು, ಸ್ಕೀ ಹಾಕಿಕೊಂಡು, ಹಾಗೇ ಜಾರಿಕೊಂಡು ಲಿಫ್ಟಿಗೆ, ಅಂದರೆ ತಂತಿಯ ಮೇಲೆ ಜನರನ್ನು ಬೆಟ್ಟ ಹತ್ತಿಸೋ ಸಾಧನಕ್ಕೆ, ಹೋಗಬಹುದಾದ ಮನೆಗಳಿವೆ. ಬಾಡಿಗೆ ಜಾಸ್ತಿ, ಸುಖವೂ ಜಾಸ್ತಿ. ಮಧ್ಯಾಹ್ನ ಮನೆಗೆ ಬಂದು ಉಂಡು, ಗ್ಲೌಸ್ ಬದಲಾಯಿಸಿಕೊಂಡು ಮತ್ತೆ ಹೋಗಬಹುದು. ಚಿಕ್ಕ ಮಕ್ಕಳಿದ್ದರೆ ನಾನು ಎರಡನೇ ಮಾತಾಡದೆ ಇದನ್ನೇ ಹಿಡಿಯುತ್ತೇನೆ, ಯಾಕೆಂದರೆ ಮಗುವಿಗೆ ಬಾತ್‌ರೂಮಿಗೆ ಹೋಗಬೇಕು ಅನ್ನಿಸೋದು ಯಾವಾಗಲೂ ಬೂಟಿನ ಕೊನೇ ಬಕಲ್ ಹಾಕಿ ಮುಗಿದ ಮೇಲೇ.

ಕೆಳಗಿನ ಊರಿನಲ್ಲಿ ಅದೇ ದುಡ್ಡಿಗೆ ದೊಡ್ಡ ಮನೆ ಸಿಗುತ್ತದೆ. ಅಂಗಡಿ ಹತ್ತಿರ, ಸಂಜೆ ನಾಲ್ಕು ಹೆಜ್ಜೆ ಓಡಾಡೋಕೆ ಬೀದಿ ಇರುತ್ತದೆ. ಜನ ಮರೆಯುವ ಇನ್ನೊಂದು ಲಾಭ ನಿದ್ದೆ. 2,500 ಮೀಟರ್‌ಗಿಂತ ಮೇಲೆ ಮಲಗಿದರೆ ಕೆಲವರಿಗೆ ಮೊದಲೆರಡು ರಾತ್ರಿ ತಲೆನೋವು, ವಾಕರಿಕೆ, ನಿದ್ದೆಗೇಡು. ಹಗಲು ಮೇಲೆ ಆಡಿ ರಾತ್ರಿ ಕೆಳಗೆ ಬಂದು ಮಲಗೋದು ಮೈಗೆ ಹಗುರ. ಹೃದಯ, ಶ್ವಾಸಕೋಶದ ತೊಂದರೆ ಇರುವವರು ಜೊತೆಗಿದ್ದರೆ ಮನೆಯ ಎತ್ತರ ಎಷ್ಟು ಅಂತ ಮೊದಲೇ ನೋಡಿ, ಡಾಕ್ಟರನ್ನೂ ಕೇಳಿ. ಮೇಲೆ ಹೋದ ಮೇಲೆ ತಲೆನೋವು ಹೆಚ್ಚುತ್ತಲೇ ಹೋದರೆ, ಕೂತಲ್ಲೇ ಏದುಸಿರು ಬಂದರೆ, ಮಾತು ತೊದಲಿದರೆ, ಬೆಳಗಾಗಲಿ ನೋಡೋಣ ಅನ್ನಬೇಡಿ. ಕೆಳಗಿಳಿಯಿರಿ.

"ಲಿಫ್ಟಿಗೆ 5 ನಿಮಿಷ" ಅನ್ನೋ ಮಾತನ್ನು ಮಾತ್ರ ನಂಬಬೇಡಿ. ಒಂದು ಸಲ ಹಾಗೆ ನಂಬಿ ಮನೆ ಹಿಡಿದೆವು. 5 ನಿಮಿಷ ಹೌದು, ಕಾರಿನಲ್ಲಿ. ನಡೆದರೆ ಮುಕ್ಕಾಲು ಗಂಟೆ, ಅದೂ ಏರುದಾರಿ. ಸ್ಕೀ ಬೂಟ್ ಹಾಕಿ ನಡೆಯೋದು ಅಂದರೆ ಎರಡೂ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ನಡೆದ ಹಾಗೆ, ಮೇಲೆ ಹೆಗಲಿಗೆ ಸ್ಕೀ, ಕೈಗೆ ಕೋಲು, ಪಕ್ಕದಲ್ಲಿ ಅಳೋ ಮಗು. ಹಾಗಾಗಿ ಮನೆಯವರಿಗೆ ಫೋನ್ ಮಾಡಿ ನೇರವಾಗಿ ಕೇಳಿ: ನಡೆದರೆ ಎಷ್ಟು ಮೀಟರ್, ಏರೋ ಇಳಿಜಾರೋ, ಲಿಫ್ಟಿಗೆ ಹೋಗೋ ಬಸ್ಸು ಎಲ್ಲಿ ನಿಲ್ಲುತ್ತದೆ, ಕೊನೇ ಬಸ್ಸು ಎಷ್ಟು ಹೊತ್ತಿಗೆ. ಬಸ್ ನಿಲ್ದಾಣ ಮನೆ ಬಾಗಿಲಲ್ಲೇ ಇದ್ದರೆ ಕೆಳಗಿನ ಊರಿನ ಮನೆಯೇ ಗೆದ್ದಿತು, ನನ್ನ ಮಟ್ಟಿಗಂತೂ.

ಕೇಳಬೇಕಾದ್ದು ಇನ್ನೂ ಇದೆ. ಬೂಟ್ ಒಣಗಿಸೋ ಸ್ಟ್ಯಾಂಡ್ ಇದೆಯಾ? ಸ್ಕೀ ಇಡೋಕೆ ಬೀಗ ಹಾಕೋ ಕೋಣೆ? ಹಾಸಿಗೆ ಹೊದಿಕೆ, ಟವೆಲ್ ಅವರದ್ದೋ ನಮ್ಮದೋ? ರಾತ್ರಿ ಹಿಮ ಬಿದ್ದರೆ ಮನೆ ಮುಂದಿನ ದಾರಿ ಬಿಡಿಸೋದು ಯಾರು? ಈ ಕೊನೇ ಪ್ರಶ್ನೆಗೆ "ನೀವೇ" ಅನ್ನೋ ಉತ್ತರ ಬಂದರೆ ಸಲಿಕೆ ಎಲ್ಲಿಟ್ಟಿದ್ದಾರೆ ಅಂತಲೂ ಕೇಳಿಕೊಳ್ಳಿ.

ಸ್ಕೀ ಬಾಡಿಗೆಗೆ, ಬೂಟಿಗೆ ಮಾತ್ರ ಯೋಚನೆ ಮಾಡಿ

ವರ್ಷಕ್ಕೆ ಒಂದು ವಾರ ಹೋಗುವವರಿಗೆ ಸ್ವಂತ ಸ್ಕೀ ಬೇಡ. ಬಾಡಿಗೆ ಅಂಗಡಿಯವರು ಅಂಚು ಹರಿತ ಮಾಡಿ, ತಳಕ್ಕೆ ಮೇಣ ಹಾಕಿ ಕೊಡುತ್ತಾರೆ. ಸ್ವಂತದ್ದಾದರೆ ಅದೆಲ್ಲ ನಿಮ್ಮ ತಲೆನೋವು, ವಿಮಾನದಲ್ಲಿ ಸಾಗಿಸೋದು ಇನ್ನೊಂದು. ಅದೂ ಅಲ್ಲದೆ ಕಲಿಯುವವರಿಗೆ ಬೇಕಾದ ಸ್ಕೀ ಒಂದೇ ವಾರದಲ್ಲಿ ಬದಲಾಗುತ್ತದೆ. ಮೊದಲ ದಿನ ಗದ್ದದ ಮಟ್ಟಕ್ಕೆ ಬರೋ ಗಿಡ್ಡ ಸ್ಕೀ ಹಿತ, ತಿರುಗಿಸೋದು ಸುಲಭ. ಕೈ ಕುದುರಿದ ಮೇಲೆ ಮೂಗಿನ ಮಟ್ಟದ್ದು ತಗೊಂಡು ನೋಡೋಣ ಅನ್ನಿಸುತ್ತದೆ. ಬಾಡಿಗೆಯದಾದರೆ ಹೋಗಿ ಬದಲಾಯಿಸಿದರಾಯಿತು.

ಬೂಟ್ ವಿಷಯ ಬೇರೆ. ಅದು ಹಿಮಕ್ಕೂ ತಾಗುತ್ತೆ, ಮೈಗೂ ತಾಗುತ್ತೆ. ನನ್ನ ಸೂತ್ರ ಕೈಕೊಡೋದು ಇಲ್ಲೇ. ಮೊದಲ ಪ್ರವಾಸಕ್ಕೆ ಬಾಡಿಗೆ ಸಾಕು. ಎರಡನೇದಕ್ಕೂ ಸಾಕು. ಸ್ಕೀಯಿಂಗ್ ಬಿಡೋದಿಲ್ಲ ಅಂತ ನಿಮಗೇ ಗೊತ್ತಾದ ದಿನ ಮೊದಲು ಕೊಳ್ಳಬೇಕಾದ್ದು ಬೂಟ್, ಸ್ಕೀ ಅಲ್ಲ. ಅದನ್ನೂ ಆನ್‌ಲೈನಲ್ಲಿ ಬೇಡ, ಕಾಲು ಅಳೆದು ಕೊಡುವ ಅಂಗಡಿಯಲ್ಲಿ ಕೂತು ತಗೊಳ್ಳಿ. ಸ್ಕೀ ಬೂಟಿನ ಸೈಜು ಪಾದದ ಉದ್ದ ಎಷ್ಟು ಸೆಂಟಿಮೀಟರೋ ಅಷ್ಟೇ, 26.5 ಅಂದರೆ 26.5 ಸೆಂಟಿಮೀಟರ್. ನೆಟ್ಟಗೆ ನಿಂತಾಗ ಹೆಬ್ಬೆರಳು ಮುಂದಿನ ಗೋಡೆಗೆ ಸ್ವಲ್ಪ ತಾಗಬೇಕು, ಮೊಣಕಾಲು ಮುಂದೆ ಬಗ್ಗಿಸಿದರೆ ಹಿಂದೆ ಸರಿಯಬೇಕು. ಅಂಗಡಿಯಲ್ಲಿ ಚಪ್ಪಲಿಯಷ್ಟು ಆರಾಮ ಅನ್ನಿಸಿದ ಬೂಟು ಇಳಿಜಾರಿನಲ್ಲಿ ದೊಡ್ಡದಾಗಿರುತ್ತದೆ, ಹಿಮ್ಮಡಿ ಎದ್ದು ಬರುತ್ತದೆ. ಬಿಗಿತಕ್ಕೂ ಒಂದು ನಂಬರ್ ಇರುತ್ತದೆ, ಫ್ಲೆಕ್ಸ್ ಅಂತಾರೆ. ಕಲಿಯುವ ದೊಡ್ಡವರಿಗೆ 60 ರಿಂದ 90 ರೊಳಗೆ ಸಾಕು. 120, 130 ಎಲ್ಲ ಪಳಗಿದವರಿಗೆ. ಮಕ್ಕಳಿಗೆ ಎಲ್ಲವೂ ಬಾಡಿಗೆಯೇ, ಮುಂದಿನ ವರ್ಷಕ್ಕೆ ಪಾದ ಬೆಳೆದಿರುತ್ತೆ ಅಲ್ವಾ.

ಅಂಗಡಿಯಲ್ಲಿ ಒಂದು ಫಾರಂ ಕೊಡುತ್ತಾರೆ. ತೂಕ, ಎತ್ತರ, ವಯಸ್ಸು, ಎಷ್ಟು ಚೆನ್ನಾಗಿ ಸ್ಕೀ ಮಾಡ್ತೀರಿ, ಇಷ್ಟು. ಇಲ್ಲಿ ಜಂಬ ಬೇಡ, ನಾಚಿಕೆಯೂ ಬೇಡ. ನೀವು ಬಿದ್ದಾಗ ಬೂಟನ್ನು ಸ್ಕೀಯಿಂದ ಬಿಡಿಸೋದು ಬೈಂಡಿಂಗ್, ಅದು ಎಷ್ಟು ಒತ್ತಡಕ್ಕೆ ಬಿಡಬೇಕು ಅನ್ನೋದನ್ನು ಈ ಅಂಕಿಗಳಿಂದ, ಬೂಟಿನ ಅಡಿಯ ಉದ್ದ ಸೇರಿಸಿ, ಲೆಕ್ಕ ಹಾಕುತ್ತಾರೆ. "ಚೆನ್ನಾಗಿ ಬರುತ್ತೆ" ಅಂತ ಸುಮ್ನೆ ಬರೆದರೆ ಬೈಂಡಿಂಗ್ ಬಿಗಿಯಾಗುತ್ತದೆ. ಬಿದ್ದಾಗ ಸ್ಕೀ ಬಿಡಲಿಲ್ಲ ಅಂದರೆ ತಿರುಚಿಕೊಳ್ಳೋದು ಮೊಣಕಾಲು.

ಎಲ್ಲಿ ಬಾಡಿಗೆ ತಗೊಳ್ಳೋದು? ಊರಿನ ಅಂಗಡಿಯಲ್ಲಿ ಸಾಮಾನ್ಯವಾಗಿ ದುಡ್ಡು ಕಡಿಮೆ. ಮನೆಗೇ ತಂದು ಕೊಡುವವರೂ ಇದ್ದಾರೆ. ಆದರೂ ಬೂಟ್ ಬಾಡಿಗೆಯದಾದರೆ ನಾನು ಲಿಫ್ಟಿನ ಹತ್ತಿರದ ಅಂಗಡಿಗೇ ಹೋಗುತ್ತೇನೆ. ಬೂಟ್ ಎಲ್ಲಿ ಕಚ್ಚುತ್ತೆ ಅಂತ ಗೊತ್ತಾಗೋದು ಎರಡು ಗಂಟೆ ಆಡಿದ ಮೇಲೆ. ಆಗ ಪಕ್ಕದಲ್ಲೇ ಅಂಗಡಿ ಇದ್ದರೆ ಹತ್ತು ನಿಮಿಷದಲ್ಲಿ ಬೇರೆ ಜೊತೆ ಸಿಗುತ್ತದೆ. ಮೊದಲೇ ಬುಕ್ ಮಾಡಿ, ಆಡುವ ಹಿಂದಿನ ಸಂಜೆಯೇ ಹೋಗಿ ತನ್ನಿ. ಬೆಳಿಗ್ಗೆ 9 ಗಂಟೆಗೆ ಅಲ್ಲಿ ಹನುಮಂತನ ಬಾಲದಂಥ ಸಾಲು.

ಹೆಲ್ಮೆಟ್ ಬಾಡಿಗೆಗೆ ಸಿಗುತ್ತದೆ. ಸ್ವಂತ ಇದ್ದರೆ ಒಳ್ಳೇದು, ತಲೆಗೆ ಸರಿಯಾಗಿ ಕೂರುತ್ತೆ, ಗಾಗಲ್ಸ್ ಜೊತೆ ಹೊಂದುತ್ತೆ. ಬಿದ್ದು ಜೋರಾಗಿ ಪೆಟ್ಟು ತಿಂದ ಹೆಲ್ಮೆಟ್ ನೋಡೋಕೆ ಚೆನ್ನಾಗಿದ್ದರೂ ಬಿಸಾಕಿ. ಬೈಕ್ ಹೆಲ್ಮೆಟ್, ಸೈಕಲ್ ಹೆಲ್ಮೆಟ್ ತಂದು ನಡೆಸಿಬಿಡೋಣ ಅನ್ನಬೇಡಿ, ನಾನು ಕಂಡಿದ್ದೇನೆ ಅಂಥವರನ್ನ.

ಮೈಮೇಲೆ: ಹತ್ತಿ, ಉಣ್ಣೆ, ಸಿಂಥೆಟಿಕ್

ಹತ್ತಿಯನ್ನು ಮೊದಲೇ ಪಕ್ಕಕ್ಕಿಡಿ. ಬೆವರು ಕುಡಿಯುತ್ತೆ, ಬಿಡೋದಿಲ್ಲ. ಬೆಳಿಗ್ಗೆ ಬೆವರಿದ ಬನಿಯನ್ ಮಧ್ಯಾಹ್ನ ಲಿಫ್ಟಿನಲ್ಲಿ ಕೂತಾಗ ಬೆನ್ನಿಗೆ ಐಸ್ ಹಚ್ಚಿದ ಹಾಗಿರುತ್ತೆ. ಜೀನ್ಸ್ ಇನ್ನೂ ಕೆಟ್ಟದ್ದು, ಮೊಣಕಾಲಿನವರೆಗೆ ಒದ್ದೆಯಾಗಿ ಹಪ್ಪಳದ ಹಾಗೆ ಗಟ್ಟಿಯಾಗುತ್ತೆ.

ಉಳಿದದ್ದು ಮೆರಿನೊ ಕುರಿಯ ನವಿರು ಉಣ್ಣೆ, ಸಿಂಥೆಟಿಕ್. ಉಣ್ಣೆ ತನ್ನ ತೂಕದ ಸುಮಾರು 30 ಶೇಕಡಾದಷ್ಟು ತೇವ ಹೀರಿಕೊಂಡರೂ ಒದ್ದೆ ಅನ್ನಿಸೋದಿಲ್ಲ, ವಾಸನೆ ಬೇಗ ಬರೋದಿಲ್ಲ. ಎರಡು ಜೊತೆ ಇದ್ದರೆ ವಾರ ಕಳೆಯಬಹುದು. ಆದರೆ ದುಬಾರಿ, ಒಣಗೋದು ನಿಧಾನ, ಒಗೆಯುವಾಗ ಜೋಪಾನ ಬೇಕು. ಸಿಂಥೆಟಿಕ್ ಅಗ್ಗ, ಗಟ್ಟಿ, ರಾತ್ರಿ ಹಿಂಡಿ ಹಾಕಿದರೆ ಬೆಳಿಗ್ಗೆಗೆ ರೆಡಿ. ವಾಸನೆ ಮಾತ್ರ ಎರಡನೇ ದಿನಕ್ಕೇ ಊರಿಗೆಲ್ಲ ಗೊತ್ತಾಗುತ್ತೆ. ಮನೆಯಲ್ಲಿ ಮಷಿನ್ ಇದ್ದರೆ ಸಿಂಥೆಟಿಕ್ ಎರಡು ಜೊತೆ, ಇಲ್ಲದಿದ್ದರೆ ಉಣ್ಣೆ ಎರಡು ಜೊತೆ. ಮೂರನೇ ಜೊತೆ ಬೇಕಾಗಿಲ್ಲ.

ಅದರ ಮೇಲೆ ತೆಳು ಫ್ಲೀಸ್, ಅಂದರೆ ಮೆತ್ತನೆ ನವಿರಿನ ಸಿಂಥೆಟಿಕ್ ಮೇಲಂಗಿ. ಹಕ್ಕಿ ಗರಿಯ ಡೌನ್ ಜಾಕೆಟ್ ಹಗುರ, ಬೆಚ್ಚಗೆ, ಆದರೆ ನೆನೆದರೆ ಮುದ್ದೆಯಾಗಿ ಕೆಲಸ ಬಿಡುತ್ತದೆ. ಅದನ್ನು ಸಂಜೆ ಓಡಾಡೋಕೆ ಇಟ್ಟುಕೊಳ್ಳಿ, ಆಡೋಕೆ ಫ್ಲೀಸ್.

ಹೊರಗಿನ ಜಾಕೆಟ್‌ನಲ್ಲಿ ಎರಡು ಜಾತಿ. ಒಳಗೆ ಹತ್ತಿಯಂಥದ್ದು ತುಂಬಿರೋ ದಪ್ಪದ್ದು, ಏನೂ ತುಂಬದ ಬರೀ ಹೊರಪದರದ್ದು. ನಾನು ಎರಡನೇದರ ಕಡೆ. ಚಳಿ ಜಾಸ್ತಿಯಾದರೆ ಒಳಗೆ ಇನ್ನೊಂದು ಪದರ ಸೇರಿಸಬಹುದು, ಬಿಸಿಲು ಬಂದರೆ ತೆಗೆಯಬಹುದು. ದಪ್ಪ ಜಾಕೆಟ್‌ನಲ್ಲಿ ಆ ಆಟ ನಡೆಯೋದಿಲ್ಲ. ಆದರೆ ಬೇಗ ಚಳಿಯಾಗುವವರಿಗೆ, ಪಾಠದಲ್ಲಿ ನಿಂತು ನಿಂತು ಕಾಯುವ ಮಕ್ಕಳಿಗೆ ದಪ್ಪದ್ದೇ ಸರಿ. ಲೇಬಲ್ ಮೇಲೆ 10,000 ಮಿಲಿಮೀಟರ್ ಅಂತೆಲ್ಲ ಬರೆದಿರುತ್ತದೆ. ಬಟ್ಟೆಯ ಮೇಲೆ 10 ಮೀಟರ್ ಎತ್ತರದ ನೀರಿನ ಕಂಬ ನಿಲ್ಲಿಸಿದರೂ ಸೋರದಷ್ಟು ತಡೆಯುತ್ತೆ ಅಂತ ಅದರ ಅರ್ಥ. ಜಾಕೆಟ್‌ಗೂ ಪ್ಯಾಂಟಿಗೂ ಅಷ್ಟು ಸಾಕು, ಒದ್ದೆ ಹಿಮ ಬೀಳೋ ಕಡೆಗಾದರೆ 20,000. ಒಂದನ್ನೇ ಒಳ್ಳೇದು ಕೊಳ್ಳೋಕೆ ಆಗೋದು ಅಂದರೆ ಪ್ಯಾಂಟ್ ಒಳ್ಳೇದು ತಗೊಳ್ಳಿ, ಕಲಿಯುವವರು ದಿನದ ಅರ್ಧ ಕೂತೇ ಇರುತ್ತಾರೆ, ಹಿಮದ ಮೇಲೆ.

ಸಾಕ್ಸ್ ವಿಷಯದಲ್ಲಿ ಎಲ್ಲರೂ ಮಾಡೋ ತಪ್ಪನ್ನೇ ನಾನೂ ಮಾಡಿದೆ. ಎರಡು ಜೊತೆ ಹಾಕಿದರೆ ಎರಡರಷ್ಟು ಬೆಚ್ಚಗೆ ಅಂದುಕೊಂಡೆ. ಬೂಟಿನೊಳಗೆ ಜಾಗ ಇಲ್ಲದೆ ರಕ್ತ ಓಡೋದು ಕಮ್ಮಿಯಾಗಿ, ಹನ್ನೊಂದು ಗಂಟೆಗೆ ಬೆರಳುಗಳು ನನ್ನವು ಅನ್ನೋದೇ ಮರೆತುಹೋಯಿತು. ತೆಳುವಾದ, ಮೊಣಕಾಲಿನವರೆಗೆ ಬರೋ ಸ್ಕೀ ಸಾಕ್ಸ್ ಒಂದೇ ಒಂದು. ಒಳಪ್ಯಾಂಟಿನ ಅಂಚನ್ನೂ ಬೂಟಿನೊಳಗೆ ತುರುಕಬೇಡಿ, ಆ ಮಡಿಕೆ ಸಂಜೆಗೆ ಮೊಣಕಾಲಿನ ಕೆಳಗಿನ ಮೂಳೆ ಮೇಲೆ ಗೆರೆ ಕೊರೆದಿರುತ್ತೆ.

ಗ್ಲೌಸೋ ಮಿಟನ್ನೋ? ನಾಲ್ಕು ಬೆರಳೂ ಒಂದೇ ಚೀಲದಲ್ಲಿ ಕೂರುವ ಮಿಟನ್ ಜಾಸ್ತಿ ಬೆಚ್ಚಗೆ. ಗ್ಲೌಸಾದರೆ ಬಕಲ್ ಹಾಕೋದು, ಜಿಪ್ ಎಳೆಯೋದು ಸಲೀಸು. ಮಕ್ಕಳಿಗೆ ಮಿಟನ್, ಮಕ್ಕಳ ಬಕಲ್ ಹಾಕಬೇಕಾದವರಿಗೆ ಗ್ಲೌಸ್! ಯಾವುದಾದರೂ ಎರಡು ಜೊತೆ ಇರಲಿ. ಇಡೀ ಪಟ್ಟಿಯಲ್ಲಿ ನಾನು ಹೆಚ್ಚುವರಿ ಇಡೋ ವಸ್ತು ಇದೊಂದೇ. ಮಫ್ಲರ್ ಬೇಡ, ಲಿಫ್ಟಿಗೆ ಸಿಕ್ಕಿಕೊಳ್ಳಬಹುದು. ಕುತ್ತಿಗೆಗೆ ಎಳೆದುಕೊಳ್ಳೋ ಬಟ್ಟೆಯ ಕೊಳವೆ ಸಾಕು.

ಗಾಗಲ್ಸ್‌ನಲ್ಲಿ ಗಾಜಿನ ಬಣ್ಣ ಬೆಳಕು ಬಿಡೋ ಲೆಕ್ಕದ ಮೇಲೆ ಆರಿಸಬೇಕು, ಚಂದದ ಮೇಲೆ ಅಲ್ಲ. ಎಸ್3 ಅಂದರೆ 8 ರಿಂದ 18 ಶೇಕಡಾ ಬೆಳಕು ಒಳಗೆ ಬರುತ್ತೆ, ಸುಡು ಬಿಸಿಲಿಗೆ. ಎಸ್1 ಅಂದರೆ 43 ರಿಂದ 80, ಮೋಡ, ಹಿಮ ಬೀಳುವಾಗ. ಒಂದೇ ಗಾಗಲ್ಸ್ ತಗೊಳ್ಳೋದಾದರೆ ನಡುವಿನ ಎಸ್2. ಕಪ್ಪು ಗಾಜಿನದ್ದು ಫೋಟೋಗೆ ಚಂದ, ಆದರೆ ಮೋಡ ಕವಿದ ದಿನ ನೆಲ ಯಾವುದು ಗುಂಡಿ ಯಾವುದು ಗೊತ್ತಾಗೋದಿಲ್ಲ. ಮಂಜು ಕಟ್ಟಿದರೆ ಒಳಗಡೆ ಗ್ಲೌಸಿನಿಂದ ಒರೆಸಬೇಡಿ, ಲೇಪನ ಹೋಗುತ್ತೆ. ಬಿಸಿಲಿನ ಕ್ರೀಮ್ ಮರೆತರೆ ಕಥೆ ಮುಗೀತು. ಪ್ರತಿ 1,000 ಮೀಟರ್ ಮೇಲೇರಿದಂತೆ ಅತಿನೇರಳೆ ಕಿರಣ ಸುಮಾರು 10 ಶೇಕಡಾ ಜಾಸ್ತಿ, ಹೊಸ ಹಿಮ ಅದರಲ್ಲಿ 80 ಶೇಕಡಾದವರೆಗೂ ವಾಪಸ್ ಎರಚುತ್ತೆ. ಮೂಗಿನ ಹೊಳ್ಳೆಯ ಕೆಳಗೂ ಹಚ್ಚಿ, ಅಲ್ಲೂ ಸುಡುತ್ತೆ.

ಬ್ಯಾಗು, ದಾರಿ

ಗಾಲಿ ಸೂಟ್‌ಕೇಸಿಗಿಂತ ಮೆತ್ತನೆಯ ಡಫಲ್ ಬ್ಯಾಗ್ ವಾಸಿ. ಹಿಮದಲ್ಲಿ ಗಾಲಿ ಉರುಳೋದಿಲ್ಲ, ಕಾರ್ ಡಿಕ್ಕಿಯಲ್ಲಿ ಡಫಲ್ ಹೇಗೆ ಬೇಕಾದರೂ ಮಡಿಯುತ್ತೆ. ವಿಮಾನದಲ್ಲಿ ಹೋಗುವವರು ಸ್ವಂತ ಬೂಟ್, ಗಾಗಲ್ಸ್, ಒಂದು ಜೊತೆ ಒಳಬಟ್ಟೆ ಕೈಚೀಲದಲ್ಲೇ ಇಟ್ಟುಕೊಳ್ಳಿ. ದೊಡ್ಡ ಬ್ಯಾಗು ಬೇರೆ ಊರಿಗೆ ಹೋದರೂ ಮರುದಿನ ಆಡಬಹುದು. ಪವರ್ ಬ್ಯಾಂಕ್, ಬಿಸಿ ಗ್ಲೌಸಿನ ಬಿಡಿ ಬ್ಯಾಟರಿ ಕೂಡ ಕೈಚೀಲದಲ್ಲೇ ಇರಬೇಕು, 100 ವ್ಯಾಟ್-ಅವರ್ ದಾಟಿದರೆ ವಿಮಾನ ಕಂಪನಿಯ ಒಪ್ಪಿಗೆ ಬೇಕು. ಫೋನ್ ಚಳಿಗೆ ಥಟ್ಟನೆ ಆಫ್ ಆಗುತ್ತೆ, ಹೊರ ಜೇಬಿನಲ್ಲಿ ಬೇಡ, ಎದೆಗೆ ಹತ್ತಿರ ಇಡಿ.

ಕಾರೋ ಬಸ್ಸೋ ಅನ್ನೋದಕ್ಕೆ ನನ್ನ ಉತ್ತರ: ಹಿಮದಲ್ಲಿ ಓಡಿಸಿ ಅಭ್ಯಾಸ ಇಲ್ಲದಿದ್ದರೆ ಬಸ್ಸು. ಕಾರಾದರೆ ಚಳಿಗಾಲದ ಟೈರ್ ಇರಲೇಬೇಕು, ಟೈರಿನ ಪಕ್ಕದಲ್ಲಿ ಮೂರು ಶಿಖರದ ಬೆಟ್ಟ, ಒಳಗೆ ಹಿಮದ ಹೂವಿನ ಗುರುತು ಇರುತ್ತೆ, ನೋಡಿಕೊಳ್ಳಿ. ಟೈರಿನ ಸುತ್ತ ಹಾಕೋ ಹಿಮದ ಚೈನು ಆ ಟೈರಿಗೆ ಬದಲಿ ಅಲ್ಲ, ಕಡಿದಾದ ಏರಿಗೆ ಬೇಕಾಗೋ ಜೊತೆಗಾರ. ಇಂಜಿನ್ ತಿರುಗಿಸೋ ಚಕ್ರಗಳಿಗೆ ಹಾಕಬೇಕು, ಹಾಕಿದ ಮೇಲೆ 50 ಕಿಲೋಮೀಟರ್ ವೇಗ ದಾಟಬಾರದು. ನಾಲ್ಕು ಚಕ್ರಕ್ಕೂ ಶಕ್ತಿ ಹೋಗೋ ಗಾಡಿ ಇದೆ ಅಂತ ಧೈರ್ಯ ಬೇಡ. ಅದು ಹೊರಡೋಕೆ ನೆರವಾಗುತ್ತೆ, ನಿಲ್ಲೋಕೆ ಅಲ್ಲ. ಚೈನ್ ಹಾಕೋದನ್ನು ಹೊರಡುವ ಮುಂಚೆ ಮನೆ ಅಂಗಳದಲ್ಲಿ ಒಂದು ಸಲ ಹಾಕಿ ತೆಗೆದು ನೋಡಿ. ಕತ್ತಲಲ್ಲಿ, ಹಿಮ ಬೀಳುವಾಗ, ಕೈ ಮರಗಟ್ಟಿ ಸೂಚನೆ ಚೀಟಿ ಓದೋ ಗತಿ ಬರಬಾರದು.

ಅಡುಗೆ, ಒಲೆ, ವಿಮೆ

ದಿನಸಿಯನ್ನು ಬೆಟ್ಟದ ಕೆಳಗೇ ಕೊಂಡು ಹೋಗೋದು ಒಳ್ಳೇದು, ಮೇಲಿನ ಅಂಗಡಿ ಚಿಕ್ಕದು, ದುಬಾರಿ. ಪೂರ್ತಿ ವಾರದ್ದು ಹೊತ್ತುಕೊಂಡು ಹೋಗಬೇಡಿ, ಮೊದಲೆರಡು ದಿನದ ರಾತ್ರಿ ಊಟ, ಎಲ್ಲ ದಿನದ ತಿಂಡಿ ಸಾಕು. 2,000 ಮೀಟರ್ ಎತ್ತರದಲ್ಲಿ ನೀರು ಸುಮಾರು 93 ಡಿಗ್ರಿಗೇ ಕುದಿಯುತ್ತೆ, ಕಾಳುಗಳು ಬೇಯೋಕೆ ಬಹಳ ಹೊತ್ತು. ಕುಕ್ಕರ್ ಇದೆಯಾ ಅಂತಲೂ ಮನೆಯವರನ್ನು ಕೇಳಿಬಿಡಿ. ಸೌದೆ ಒಲೆ ಹಚ್ಚುವಾಗ ಹೊಗೆಗೂಡಿನ ಬಾಗಿಲು ತೆರೆದಿದೆಯಾ ನೋಡಿ. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ, ಅಲಾರಂ ಇಲ್ಲದ ಮನೆಯಾದರೆ ನಾನು ಬ್ಯಾಟರಿಯ ಚಿಕ್ಕದೊಂದನ್ನು ಬ್ಯಾಗಿನಲ್ಲೇ ಒಯ್ಯುತ್ತೇನೆ.

ಲಿಫ್ಟ್ ಪಾಸನ್ನು ಆರು ದಿನದ್ದೇ ತಗೊಂಡರೆ ದಿನಕ್ಕೆ ಅಗ್ಗ ಬೀಳುತ್ತೆ. ಮೊದಲ ಸಲದವರಿಗೆ ಅದು ಬೇಡ. ಮೊದಲೆರಡು ದಿನ ಕಲಿಯುವವರ ಬಯಲಿನ ಚಿಕ್ಕ ಪಾಸು, ಪಾಠ, ಆಮೇಲೆ ನೋಡಿ. ಬಣ್ಣ ನೋಡುವಾಗಲೂ ಹುಷಾರು. ಯುರೋಪಿನಲ್ಲಿ ನೀಲಿ ಅಂದರೆ ಸುಲಭದ ದಾರಿ, ಉತ್ತರ ಅಮೆರಿಕದಲ್ಲಿ ಸುಲಭದ್ದು ಹಸಿರು, ನೀಲಿ ಅಂದರೆ ಮಧ್ಯಮ. ಒಂದು ಕಡೆ ಕಲಿತು ಇನ್ನೊಂದು ಕಡೆ ಹೋದವರು ಇಲ್ಲೇ ಪೇಚಿಗೆ ಸಿಗೋದು.

ಸಾಮಾನ್ಯ ಪ್ರವಾಸ ವಿಮೆಯಲ್ಲಿ ಸ್ಕೀಯಿಂಗ್ ಸೇರಿದೆ ಅಂತ ಅಂದುಕೊಳ್ಳಬೇಡಿ. ಬೆಟ್ಟದಿಂದ ಇಳಿಸೋ ಖರ್ಚು, ಹೆಲಿಕಾಪ್ಟರ್, ಗುರುತು ಹಾಕಿದ ದಾರಿಯ ಹೊರಗೆ ಆಡಿದಾಗಿನ ಪೆಟ್ಟು, ಈ ಮೂರರ ಬಗ್ಗೆ ಏನು ಬರೆದಿದ್ದಾರೆ ಅಂತ ಓದಿ.

ಇನ್ನು ಮನೆ ತಲುಪಿದ ಮೇಲೆ ಬೂಟನ್ನು ಕಾರಿನಲ್ಲಿ ಬಿಡಬೇಡಿ. ನಾವು ಬಿಟ್ಟಿದ್ದೆವು. ಬೆಳಿಗ್ಗೆ ಪ್ಲಾಸ್ಟಿಕ್ ಕಲ್ಲಾಗಿತ್ತು, ಕಾಲು ಅರ್ಧಕ್ಕೇ ನಿಂತಿತು. ನಾನು ಬೂಟಿನ ಜೊತೆ ಒದ್ದಾಡುತ್ತಿದ್ದೆ, ಹೆಂಡತಿ ಏನೂ ಹೇಳದೆ ಹೇರ್ ಡ್ರೈಯರ್ ತಂದು ಬೂಟಿನೊಳಗೆ ಬಿಸಿ ಗಾಳಿ ಹಿಡಿದಳು. ಎರಡು ನಿಮಿಷಕ್ಕೆ ಕಾಲು ಜಾರಿಕೊಂಡು ಒಳಗೆ ಹೋಯಿತು. ಹೇರ್ ಡ್ರೈಯರ್ ಬೇಡ, ಭಾರ ಅಂತ ಹೊರಡುವ ಹಿಂದಿನ ರಾತ್ರಿ ಜಗಳ ಆಡಿದ್ದು ನಾನೇ. ಆ ವಿಷಯ ಈಗಲೂ ಮನೆಯಲ್ಲಿ ಆಗಾಗ ಬರುತ್ತದೆ.